ಹೇಳಿ ಹೋಗುವುದು

ಬೆಳಿಗ್ಗೆ ಮನೆಯಿಂದ ಹೊರಟವರು ಸಂಜೆ ಮನೆಗೆ ಬರುತ್ತಾರೆ. ಇದರಲ್ಲಿ ಅಚ್ಚರಿಪಡುವಂಥದ್ದೇನಿದೆ ಎಂದು ಯಾರಾದರೂ ಕೇಳಿಯಾರು. ಬೆಂಗಳೂರಿನಂಥ ಊರಲ್ಲಿ ಬೆಳಗಾದರೆ ಲಕ್ಷಾಂತರ ಜನ ಚಪ್ಪಲಿ ಮೆಟ್ಟಿಕೊಂಡು ಹೊರಬೀಳುತ್ತಾರೆ. ಹೊರಡುವಾಗ ಒಳಗಿನವರತ್ತ ತಿರುಗಿಯೂ ನೋಡುವುದಿಲ್ಲ. ಒಳಗಿನವರೂ ಒಲೆ ಮೇಲಿನ ಹಾಲಿನತ್ತ ಕಣ್ಣಿಟ್ಟುಕೊಂಡೇ ‘ಹ್ಞೂಂ’ ಅನ್ನುತ್ತಾರೆ. ಅಷ್ಟು ಖಾತ್ರಿ. ಸಂಜೆಯ ಸಾರಿಗೆ ಎಷ್ಟು ಬೇಳೆ ಹಾಕಬೇಕೆಂಬ ಲೆಕ್ಕ ಈ ಖಾತ್ರಿಯ ಮೇಲೇ ನಿಂತಿದೆ. ಮದುವೆ, ಮಕ್ಕಳು, ಮನೆ ಸಾಲ, ಚೀಟಿ, ಬರುವ ವರ್ಷದ ಸ್ಕೂಲ್ ಫೀಸು, ಎಲ್ಲದರ ಬುಡದಲ್ಲೂ ಅದೇ ಇದೆ. ಅಂಥದ್ದೊಂದು ಖಾತ್ರಿ ನನ್ನೊಳಗೆ ಇತ್ತೆಂಬುದು ನನಗೆ ಗೊತ್ತಾದದ್ದು, ಅದು ಇಲ್ಲದ ಒಬ್ಬ ಮನುಷ್ಯನ ಜೊತೆ ಒಂದೇ ಸೂರಿನಡಿ ಬಾಳತೊಡಗಿದ ಮೇಲೆ.

ನನ್ನವರ ಊರು ಮಂಡ್ಯದ ಕಡೆ. ಇವರ ಅಪ್ಪ ತೀರಿಕೊಂಡಾಗ ಇವರಿಗೆ ಹನ್ನೊಂದು ವರ್ಷ. ಕಾವೇರಿ ನೀರಿಗಾಗಿ ಬೀದಿ ಬೀದಿಯಲ್ಲಿ ಗಲಾಟೆಯಾದ 2002ರ ಆಸುಪಾಸಿನ ಬರಗಾಲ ಅದು. ನಾಲೆಗೆ ನೀರು ಬಿಡಲಿಲ್ಲ, ಕಬ್ಬು ಒಣಗಿತು, ಸೊಸೈಟಿ ಸಾಲದ ಮೇಲೆ ಕೈಸಾಲ ಬೆಳೆಯಿತು. ಒಂದು ದಿನ ಮಾವ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಹೇಗೆ ಎಂಬುದು ಇಲ್ಲಿ ಬೇಡ. ಊರಿನವರು ಅದೊಂದನ್ನೇ ಹಿಡಿದು ಇಷ್ಟು ವರ್ಷ ಬಾಯಿ ಚಪ್ಪರಿಸಿದ್ದಾರೆ, ಸಾಕು.

ನಮ್ಮದು ಹಿರಿಯರು ನೋಡಿ ಒಪ್ಪಿದ ಸಂಬಂಧ. ಮಧ್ಯೆ ನಿಂತು ಮಾತಾಡಿದವರು ಹುಡುಗನ ತಂದೆ ಹಾರ್ಟ್ ಅಟ್ಯಾಕಾಗಿ ಹೋದರೆಂದು ಹೇಳಿದ್ದರು. ಇಂಥ ಮನೆಗಳ ಬಗ್ಗೆ ಹೆಣ್ಣು ಗಂಡು ವಿಚಾರಿಸುವಾಗ ಹಾರ್ಟ್ ಅಟ್ಯಾಕು, ಹಾವು ಕಡಿತ, ಕಾಲು ಜಾರಿದ್ದು, ಈ ಮೂರೇ ಕಾರಣಗಳು ಓಡಾಡುತ್ತವೆ. ನಿಶ್ಚಿತಾರ್ಥಕ್ಕೆ ಮುಂಚೆ ಒಂದು ಸಂಜೆ ಇವರೇ ಕರೆದರು. ದರ್ಶಿನಿಯೊಂದರ ಎತ್ತರದ ಮೇಜಿನ ಮುಂದೆ ನಿಂತು, ಕಾಫಿ ಲೋಟ ತಿರುಗಿಸುತ್ತ, “ನಮ್ಮಪ್ಪ ಸೂಸೈಡ್ ಮಾಡ್ಕಂಡಿದ್ದು. ನಿಮ್ಮನೇವ್ರಿಗೆ ಬೇರೆ ಹೇಳವ್ರೆ. ನಿಮಗೆ ಗೊತ್ತಿರ್ಲಿ” ಅಂದರು. ಬ್ಲಡ್ ಗ್ರೂಪ್ ಹೇಳುವ ದನಿ. ನಾನು ಏನಂದೆನೋ ನೆನಪಿಲ್ಲ. ಆಮೇಲೆ ಒಂದು ಪ್ಲೇಟ್ ಬೋಂಡಾ ತರಿಸಿ ಇಬ್ಬರೂ ತಿಂದದ್ದು ನೆನಪಿದೆ. ಮನೆಗೆ ಬಂದು ಹೇಳಿದಾಗ ನಮ್ಮ ದೊಡ್ಡಪ್ಪ ಕನ್ನಡಕ ತೆಗೆದಿಟ್ಟು, “ಅದು ವಂಶದಲ್ಲಿ ಬರುತ್ತಂತೆ ಕಣಮ್ಮ, ಯೋಚನೆ ಮಾಡು” ಅಂದರು.

ದೊಡ್ಡಪ್ಪನ ಮಾತನ್ನು ಆಗ ತಳ್ಳಿಹಾಕಿದೆನಾದರೂ ಅದು ಒಳಗೆಲ್ಲೋ ಕೂತುಬಿಟ್ಟಿತು. ಗಂಡ ಊಟ ಬೇಡ ಅಂದ ರಾತ್ರಿ, ಕಿಟಕಿಯ ಹತ್ತಿರ ಸುಮ್ಮನೆ ನಿಂತ ಸಂಜೆ, ಅದು ಎದ್ದು ಬರುತ್ತಿತ್ತು. ಎಷ್ಟೋ ಕಾಲದ ಮೇಲೆ ಸ್ವೀಡನ್ನಿನ ಅಧ್ಯಯನವೊಂದರ ಬಗ್ಗೆ ಓದಿದೆ. ಜಾನ್ಸ್ ಹಾಪ್ಕಿನ್ಸ್‌ನ ಹಾಲಿ ವಿಲ್ಕಾಕ್ಸ್ ಮತ್ತು ಸಂಗಡಿಗರು ಆ ದೇಶದ ಮೂವತ್ತು ವರ್ಷಗಳ ದಾಖಲೆಗಳನ್ನು ಜಾಲಾಡಿ 2010ರಲ್ಲಿ ಪ್ರಕಟಿಸಿದ್ದು. 18 ತುಂಬುವ ಮೊದಲು ಅಪ್ಪನನ್ನೋ ಅಮ್ಮನನ್ನೋ ಹೀಗೆ ಕಳೆದುಕೊಂಡ ಮಕ್ಕಳು ಮುಂದೆ ಅದೇ ದಾರಿ ಹಿಡಿಯುವ ಸಂಭವ, ಹೆತ್ತವರು ಬದುಕಿರುವ ಮಕ್ಕಳಿಗಿಂತ ಮೂರು ಪಟ್ಟು ಹೆಚ್ಚು. ಓದಿದಾಗ ಎದೆ ಧಸಕ್ಕೆಂದಿತು. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತದೆ: 18 ದಾಟಿದ ಮೇಲೆ ಕಳೆದುಕೊಂಡವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಎಲ್ಲವೂ ರಕ್ತದಲ್ಲೇ ಇರುವುದಾದರೆ ರಕ್ತಕ್ಕೆ ಹದಿನೆಂಟು ತುಂಬಿತೋ ಇಲ್ಲವೋ ಏನು ಗೊತ್ತು? ಪೆಟ್ಟು ಯಾವ ವಯಸ್ಸಿನಲ್ಲಿ ಬಿತ್ತು, ಬಿದ್ದ ಮೇಲೆ ಯಾರು ಎತ್ತಿಕೊಂಡರು, ಮನೆಯಲ್ಲಿ ಏನು ಮಾತಾಡಿದರು, ಏನು ಮಾತಾಡಲಿಲ್ಲ ಎಂಬುದಕ್ಕೂ ಪಾಲಿದೆ. ಅಲ್ಲದೆ ಅಪರೂಪದ್ದು ಮೂರು ಪಟ್ಟಾದರೂ ಅಪರೂಪದ್ದೇ. ಆ ಮಕ್ಕಳಲ್ಲಿ ಬಹುಪಾಲಿನವರು ಬದುಕುತ್ತಾರೆ. ಪಾಸಾಗುತ್ತಾರೆ, ಫೇಲಾಗುತ್ತಾರೆ, ಕೆಲಸ ಹಿಡಿಯುತ್ತಾರೆ, ಯಾರದೋ ಕೈ ಹಿಡಿಯುತ್ತಾರೆ. ಹೋದವರ ಬಗ್ಗೆ ಲೋಕ ಬೆರಗಾಗುತ್ತದೆ. ನನ್ನ ಬೆರಗೆಲ್ಲ ಈ ಉಳಿದವರ ಮೇಲೆ. ಒಮ್ಮೆ ಅಷ್ಟು ದೊಡ್ಡ ಖಾತ್ರಿ ಮುರಿದುಬಿದ್ದದ್ದನ್ನು ಕಂಡವರು ಇನ್ನೊಬ್ಬರ ಜೊತೆ ಜಂಟಿ ಖಾತೆ ತೆರೆಯುವುದಾದರೂ ಹೇಗೆ?

ಮದುವೆಯಾದ ಹೊಸದರಲ್ಲಿ ನನ್ನ ಗೆಳತಿಯರು ಹೊಟ್ಟೆಕಿಚ್ಚು ಪಡುವಂಥ ಗಂಡ ಸಿಕ್ಕಿದ್ದರು ನನಗೆ. ಜಗಳವೇ ಇಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಬಿಸಿನೀರು ಬೆರೆಸಿಕೊಂಡು ಉಣ್ಣುವರು. ನಮ್ಮಮ್ಮ ಹೇಳದೆ ಕೇಳದೆ ಬಂದು ತಿಂಗಳುಗಟ್ಟಲೆ ಉಳಿದರೂ ಹುಬ್ಬು ಗಂಟಿಕ್ಕಲಿಲ್ಲ. ನಾನು ರೇಗಿದರೆ “ಆಯ್ತು ಬಿಡು, ನಿಂದೇ ಸರಿ.” ಎಂಥ ತಾಳ್ಮೆ ಅಂದುಕೊಂಡೆ. ಬರಬರುತ್ತ ಆ ‘ಆಯ್ತು ಬಿಡು’ ನನ್ನನ್ನು ಕೆರಳಿಸತೊಡಗಿತು. ಗೋಡೆಯ ಜೊತೆ ಎಷ್ಟು ದಿನ ಮಾತಾಡುವುದು? ಒಂದು ಭಾನುವಾರ ಬೇಕೆಂದೇ ನಾಲ್ಕು ಮಾತು ಜೋರಾಗಿ ಆಡಿ, ದಡಕ್ಕನೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ತಲೆಗೆ ಸೀಗೆಪುಡಿ ಹಚ್ಚಿ ನೀರು ಹುಯ್ದುಕೊಳ್ಳುತ್ತಿದ್ದೇನೆ, ಬಾಗಿಲ ಮೇಲೆ ಬಡಿತ. ಮೊದಲು ಬೆರಳಿನಲ್ಲಿ, ಆಮೇಲೆ ಅಂಗೈಯಲ್ಲಿ, ಆಮೇಲೆ ಭುಜ ಕೊಟ್ಟು. ಕಣ್ಣಿಗೆ ಸೀಗೆ ಹೋಗಿ ಉರಿಯುತ್ತಿದ್ದಂತೆ ಟವೆಲು ಸುತ್ತಿಕೊಂಡು ಬಾಗಿಲು ತೆಗೆದೆ. ಇವರ ಮುಖದಲ್ಲಿ ರಕ್ತವೇ ಇರಲಿಲ್ಲ. ಏನೂ ಹೇಳಲಿಲ್ಲ. ನೋಡಿದರು, ಹೋಗಿ ಹಾಲಿನಲ್ಲಿ ಕೂತು ಪೇಪರು ಹಿಡಿದರು. ಪೇಪರು ತಲೆಕೆಳಗಾಗಿತ್ತು. ಮಾರನೆಯ ದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಬಚ್ಚಲಿನ ಚಿಲಕ ಇರಲಿಲ್ಲ. ಸ್ಕ್ರೂ ಬಿಚ್ಚಿದ ನಾಲ್ಕು ತೂತು ಮಾತ್ರ. “ತುಕ್ಕು ಹಿಡಿದಿತ್ತು” ಅಂದರು. ಆ ಚಿಲಕ ಬಹಳ ಕಾಲ ಬರಲಿಲ್ಲ. ನೆಂಟರು ಬಂದರೆ ಬಚ್ಚಲಿಗೆ ಹೋದವರು ಒಳಗಿನಿಂದ ಕೆಮ್ಮುತ್ತಲೋ ಹಾಡುತ್ತಲೋ ಇರಬೇಕಾದ ಮನೆ ನಮ್ಮದಾಯಿತು.

ಫೋನಿನದು ಇನ್ನೊಂದು ಪಾಡು. ಮೀಟಿಂಗಿನಲ್ಲಿದ್ದು ಎರಡು ಸಲ ಎತ್ತದಿದ್ದರೆ ಮೂರನೆಯದು, ನಾಲ್ಕನೆಯದು, ಆಮೇಲೆ ನನ್ನ ಪಕ್ಕದ ಸೀಟಿನವಳಿಗೆ. ಅವಳು ಒಂದು ದಿನ ಮೆಲ್ಲಗೆ, “ನಿಮ್ಮೆಜಮಾನ್ರಿಗೆ ಅನುಮಾನ ಜಾಸ್ತಿ ಏನ್ರೀ?” ಎಂದು ಕೇಳಿದಳು. ಅನುಮಾನವಲ್ಲ ಎಂದು ಬಿಡಿಸಿ ಹೇಳುವ ಹಾಗಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸಾಕಾಗಿತ್ತು. ಇಂಥವರ ಜೊತೆ ಬಾಳುವುದನ್ನು ಕಥೆಗಳಲ್ಲಿ ತ್ಯಾಗವೆಂದು ಬರೆಯುತ್ತಾರೆ. ದಿನನಿತ್ಯದಲ್ಲಿ ಅದು ಕಿರಿಕಿರಿ. ನಾನು ಬದುಕಿದ್ದೇನೆ ಎಂದು ಗಂಟೆಗೊಮ್ಮೆ ಹಾಜರಿ ಹಾಕುವ ಕೆಲಸ ಯಾರಿಗೂ ಬೇಡ.

ಕಾಯಿಲೆ ಬಂದು ಸತ್ತ ಅಪ್ಪನನ್ನು ಸಾವು ಕರೆದುಕೊಂಡು ಹೋಯಿತು ಅನ್ನಬಹುದು. ಲಾರಿ ಹೊಡೆದರೆ ಡ್ರೈವರನ್ನು ಬಯ್ಯಬಹುದು. ಇಲ್ಲಿ ಹುಡುಗನ ಕೈಗೆ ಉಳಿಯುವುದು ಒಂದೇ ವಾಕ್ಯ: ನಾನಿದ್ದೆ, ಆದರೂ ಹೋದರು. ಬೆಳೆದ ಮೇಲೆ ಬರ, ಬಡ್ಡಿ, ಖಿನ್ನತೆ ಎಲ್ಲ ಅರ್ಥವಾಗುತ್ತದೆ. ಆ ಗಳಿಗೆಯಲ್ಲಿ ಮನುಷ್ಯನ ಕಣ್ಣಿಗೆ ಹೆಂಡತಿ ಮಕ್ಕಳು ಕಾಣದಷ್ಟು ಕತ್ತಲೆ ಕವಿದಿರುತ್ತದೆಂದು ಡಾಕ್ಟರು ಹೇಳಿದರೆ ಬುದ್ಧಿ ಒಪ್ಪುತ್ತದೆ. ಆದರೆ ಮೂವತ್ತರ ಗಂಡಸು ಹೆಂಡತಿಯ ಪಕ್ಕ ಮಲಗಿ ಕೇಳಿಕೊಳ್ಳುವ ಪ್ರಶ್ನೆ ಅದರದೇ ಮುಂದುವರಿಕೆ. ಅವತ್ತು ನಾನು ಸಾಲದೆ ಹೋದವನು ಇವತ್ತು ಇವಳಿಗೆ ಸಾಕಾಗುತ್ತೇನೆಯೆ? ಕೆಲವರು ಈ ಪ್ರಶ್ನೆಗೆ ಹೆದರಿ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕೆಲವರು ಬಿಟ್ಟು ಹೋಗುವ ಮೊದಲೇ ತಾವೇ ಬಿಟ್ಟು ಹೋಗುತ್ತಾರೆ. ಇವರು ಆರಿಸಿಕೊಂಡದ್ದು ಮೂರನೆಯ ದಾರಿ, ಯಾರಿಗೂ ಬೇಸರವಾಗದಂತೆ ಬದುಕುವುದು.

ಜಗಳದ ಭಯ ಎಲ್ಲಿಂದ ಬಂತೆಂದು ತಿಳಿದದ್ದು ಅತ್ತೆಯಿಂದ. ಊರಿನಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆವು. ಯಾವುದೋ ಮಾತಿಗೆ ಅವರಾಗಿಯೇ, “ಅವತ್ತು ಬೆಳಿಗ್ಗೆ ನಂಗೂ ಅವ್ರಿಗೂ ವಸಿ ಮಾತಿಗ್ ಮಾತು ಬೆಳದಿತ್ತು ಕನವ್ವ. ಈ ಮಗೀನ ಯೂನಿಫಾರಂ ವಿಸ್ಯಕ್ಕೆ” ಅಂದರು. ಇಸ್ಕೂಲಲ್ಲಿ ಹೊಸ ಯೂನಿಫಾರಂ ಬೇಕೆಂದಿದ್ದರು, ಇವರು ಅತ್ತಿದ್ದರು, ದುಡ್ಡಿಲ್ಲ ಎಂದು ಮಾವ ಕೂಗಿದ್ದರು, ಅತ್ತೆಯೂ ಕೂಗಿದ್ದರು. ಎಲ್ಲ ಮನೆಗಳಲ್ಲೂ ಆಗುವಂಥದ್ದು. ಆಮೇಲೆ ಆಗಬಾರದ್ದಾಯಿತು. ತಿಂಗಳುಗಳ ನಂತರ ಪರಿಹಾರದ ಅರ್ಜಿ ವಿಚಾರಣೆಗೆ ಅತ್ತೆ ಮಗನ ಕೈ ಹಿಡಿದು ಕಚೇರಿಗೆ ಹೋದರು. ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ, ಪಹಣಿ, ಸಾಲದ ಕಾಗದ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ರೈತ ಸಾಲಕ್ಕೆ ಸತ್ತನೋ ಬೇರೆ ಕಾರಣಕ್ಕೋ ಎಂಬುದು ಅಲ್ಲಿ ತೀರ್ಮಾನವಾಗಬೇಕು. ಮೇಜಿನ ಆಚೆ ಕೂತವರು ತಲೆಯೆತ್ತದೆ, “ಮನೇಲಿ ಜಗಳ ಏನಾದ್ರೂ ಆಗಿತ್ತಾ?” ಎಂದು ಕೇಳಿದರು. ಅತ್ತೆ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹುಡುಗ “ಹೂಂ ಸಾರ್, ಆಗಿತ್ತು” ಅಂದ. ಸುಳ್ಳು ಹೇಳಬಾರದೆಂದು ಮೇಷ್ಟರು ಕಲಿಸಿದ್ದರು.

ಅರ್ಜಿ ತಿರಸ್ಕಾರವಾಯಿತು. ಕಾರಣ ಬೇರೆ: ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇತ್ತು, ಸಾಲದಲ್ಲಿ ಬಹುಪಾಲು ಕೈಸಾಲ, ಅದಕ್ಕೆ ಕಾಗದವಿಲ್ಲ. ಮುಂದೆ 2015ರಲ್ಲಿ ಸರ್ಕಾರ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿದಾಗ ಊರಿನಲ್ಲಿ ಯಾರೋ ಇವರೆದುರೇ ‘ನಿಮಗೆ ಆವತ್ತು ಕೈತಪ್ಪಿತು’ ಅಂದರಂತೆ. ಹುಡುಗನಿಗೆ ಪಹಣಿಯ ವಿಚಾರ ಯಾರೂ ಬಿಡಿಸಿ ಹೇಳಿರಲಿಲ್ಲ. ಅವನ ಲೆಕ್ಕದಲ್ಲಿ ತನ್ನ ಯೂನಿಫಾರಮ್ಮಿಗಾಗಿ ಜಗಳ, ಜಗಳದಿಂದ ಅಪ್ಪ ಹೋದರು, ತನ್ನ ‘ಹೂಂ’ನಿಂದ ದುಡ್ಡೂ ಹೋಯಿತು. ಈ ಮೂರನ್ನೂ ಹೊತ್ತುಕೊಂಡು ಅವನು ಎಸ್ಸೆಸ್ಸೆಲ್ಸಿ ಪಾಸಾದ, ಪಾಲಿಟೆಕ್ನಿಕ್ ಸೇರಿದ, ಬೆಂಗಳೂರಿಗೆ ಬಂದ, ನನ್ನನ್ನು ಮದುವೆಯಾದ. ನಾನು ದನಿ ಏರಿಸಿದಾಗಲೆಲ್ಲ ‘ಆಯ್ತು ಬಿಡು’ ಅಂದ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷಾವರ್ಷ ಲೆಕ್ಕ ಕೊಡುತ್ತದೆ. 2022ರಲ್ಲಿ ದೇಶದಲ್ಲಿ ಹೀಗೆ ತಾವಾಗಿಯೇ ಜೀವ ಕಳೆದುಕೊಂಡವರು 1,70,924. ವಯಸ್ಸು, ಕಸುಬು, ಓದು, ಆದಾಯ, ಮದುವೆಯಾಗಿತ್ತೋ ಇಲ್ಲವೋ, ಎಲ್ಲಕ್ಕೂ ಕಲಮುಗಳಿವೆ. ಹೆಚ್ಚಿನವರು ಮದುವೆಯಾದವರು. ಮನೆಯಲ್ಲಿ ಎಷ್ಟು ಮಕ್ಕಳಿದ್ದರು, ಆ ಬೆಳಿಗ್ಗೆ ಅವರಲ್ಲಿ ಯಾರು ಏನು ಕೇಳಿ ಅತ್ತಿದ್ದರು ಎಂಬುದಕ್ಕೆ ಕಲಮಿಲ್ಲ.

ಬೆಲ್ಜಿಯಮ್ಮಿನ ರೆನೆ ಮ್ಯಾಗ್ರಿಟ್ 1928ರಲ್ಲಿ ಬರೆದ ಒಂದು ಚಿತ್ರವಿದೆ, ‘ಪ್ರೇಮಿಗಳು’. ಗಂಡು ಹೆಣ್ಣು ಮುತ್ತಿಡುತ್ತಿದ್ದಾರೆ. ಅವನದು ಕೋಟು ಟೈ, ಅವಳದು ಕೆಂಪು ಉಡುಪು. ಆದರೆ ಇಬ್ಬರ ತಲೆಗೂ ಬಿಳಿ ಬಟ್ಟೆ ಸುತ್ತಿದೆ, ಕಣ್ಣು ಮೂಗು ಏನೂ ಕಾಣದಂತೆ. ತುಟಿ ತುಟಿಗೆ ತಾಗುತ್ತಿಲ್ಲ, ಬಟ್ಟೆ ಬಟ್ಟೆಗೆ ತಾಗುತ್ತಿದೆ. ಮೂಲ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಇದರ ಜೋಡಿ ಚಿತ್ರ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ. ನಾವು ಕಂಡದ್ದು ಇಲ್ಲೇ, ಒಂದು ಕೆಫೆಯ ಗೋಡೆಗೆ ತೂಗುಹಾಕಿದ ಅಗ್ಗದ ಪ್ರಿಂಟು. ನಾನು ‘ಇದೇನು ಹುಚ್ಚು’ ಎಂದು ನಕ್ಕೆ. ಇವರು ನಗಲಿಲ್ಲ. ಕಾಫಿ ಆರುವವರೆಗೂ ಅದನ್ನೇ ನೋಡುತ್ತಿದ್ದರು. ಯಾರ ಚಿತ್ರವೆಂದು ಹುಡುಕಿದಾಗ ನನಗೆ ಮೈ ಜುಮ್ಮೆಂದಿತು.

ಮ್ಯಾಗ್ರಿಟ್‌ಗೆ ಹದಿಮೂರು ವರ್ಷವಾಗಿದ್ದಾಗ, 1912ರ ಫೆಬ್ರುವರಿಯಲ್ಲಿ, ತಾಯಿ ರೆಜಿನಾ ರಾತ್ರಿ ಮನೆಯಿಂದ ಹೊರಟುಹೋದಳು. ಆಕೆಯ ದೇಹ ಸಾಂಬ್ರ್ ನದಿಯಲ್ಲಿ ಸಿಕ್ಕಿದ್ದು ಮಾರ್ಚ್‌ನಲ್ಲಿ. ಅದಕ್ಕೆ ಮುಂಚೆಯೂ ಆಕೆ ಪ್ರಯತ್ನಿಸಿದ್ದಳು, ಗಂಡ ಆಕೆಯ ಕೋಣೆಗೆ ಬೀಗ ಹಾಕುತ್ತಿದ್ದನೆಂದು ಹೇಳುತ್ತಾರೆ. ನಾವು ಚಿಲಕ ತೆಗೆದವರು, ಅವರು ಬೀಗ ಜಡಿದವರು. ಹೆದರಿದ ಮನೆಗೆ ಬಾಗಿಲೇ ಶತ್ರು. ಸಿಕ್ಕಾಗ ಆಕೆಯ ಮುಖದ ಮೇಲೆ ನಿಲುವಂಗಿ ಸುತ್ತಿಕೊಂಡಿತ್ತು, ಹುಡುಗ ಅದನ್ನು ಕಂಡಿದ್ದ, ಅದೇ ಚಿತ್ರಕ್ಕೆ ಬಂತು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಬ್ರಿಟಿಷ್ ವಿಮರ್ಶಕ ಡೇವಿಡ್ ಸಿಲ್ವೆಸ್ಟರ್ ಈ ಕಥೆಯನ್ನೇ ಸಂಶಯಿಸಿದರು. ಮ್ಯಾಗ್ರಿಟ್‌ಗೂ ತನ್ನ ಚಿತ್ರಗಳನ್ನು ಬಾಲ್ಯದ ಗಾಯದಿಂದ ಬಿಡಿಸಿ ತೋರಿಸುವವರನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಆ ಲೆಕ್ಕ ತೀರಾ ಸುಲಭದ್ದೆನಿಸುತ್ತದೆ. ಅಮ್ಮ ಹಾಗೆ ಹೋದಳು, ಆದ್ದರಿಂದ ಮಗ ಹೀಗೆ ಬರೆದ ಅನ್ನುವುದಾದರೆ, ಅಪ್ಪ ಹಾಗೆ ಹೋದ, ಆದ್ದರಿಂದ ಮಗನೂ ಹಾಗೇ ಹೋಗುತ್ತಾನೆ ಅನ್ನುವ ನಮ್ಮ ದೊಡ್ಡಪ್ಪನ ಲೆಕ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ? ಆ ದಿನಗಳ ಬಗ್ಗೆ ಮ್ಯಾಗ್ರಿಟ್ ಗೆಳೆಯನೊಬ್ಬನಿಗೆ ಹೇಳಿಕೊಂಡ ಮಾತೊಂದು ಉಳಿದಿದೆ. ನೆನಪಿರುವ ಭಾವನೆ ದುಃಖವಲ್ಲವಂತೆ, ಹೆಮ್ಮೆಯಂತೆ. ಎಲ್ಲರೂ ಅಯ್ಯೋ ಪಾಪ ಎಂದು ತನ್ನನ್ನೇ ನೋಡುತ್ತಿದ್ದಾರೆಂಬ ಹೆಮ್ಮೆ. ಇದನ್ನು ಓದಿ ಹೇಳಿದಾಗ ಇವರು ತಟ್ಟನೆ ತಲೆಯೆತ್ತಿ, “ನಂಗೂ ಹಂಗೇ ಆಗಿತ್ತು. ಹೆಡ್ಮಾಸ್ಟ್ರು ತಲೆ ಸವರಿದ್ರು. ಯಾರ್ಗೂ ಹೇಳಿಲ್ಲ” ಅಂದರು. ಆ ಹೆಮ್ಮೆಯ ನಾಚಿಕೆಯನ್ನೂ ಸೇರಿಸಿದರೆ ಹೊರೆ ನಾಲ್ಕಾಯಿತು.

ನನಗೆ ಮುಖ್ಯವಾದದ್ದು ಆಮೇಲಿನ ಕಥೆ. ತಾಯಿ ಹೋದ ಮರುವರ್ಷ, 1913ರಲ್ಲಿ, ಶಾರ್ಲರ್ವಾ ಊರಿನ ಜಾತ್ರೆಯಲ್ಲಿ ಮ್ಯಾಗ್ರಿಟ್ ಜಾರ್ಜೆಟ್ ಎಂಬ ಹುಡುಗಿಯನ್ನು ಕಂಡ. ಯುದ್ಧ ಬಂತು, ಇಬ್ಬರೂ ಬೇರೆ ಬೇರೆಯಾದರು. 1920ರಲ್ಲಿ ಬ್ರಸೆಲ್ಸ್‌ನ ಸಸ್ಯೋದ್ಯಾನದಲ್ಲಿ ಅಕಸ್ಮಾತ್ತಾಗಿ ಮತ್ತೆ ಸಿಕ್ಕರು, 1922ರಲ್ಲಿ ಮದುವೆಯಾದರು. ಹಾಗೆಂದು ಅದು ದೇವರ ಮನೆಯ ದೀಪದಂಥ ದಾಂಪತ್ಯವಲ್ಲ. ಮೂವತ್ತರ ದಶಕದ ನಡುವೆ ಅವನ ಮನಸ್ಸು ಒಂದು ಕಡೆ ಹೋಯಿತು, ಅವಳದು ಇನ್ನೊಂದು ಕಡೆ. ಸಂಸಾರ ಒಡೆದೇಹೋಯಿತು ಅನ್ನುವ ಹಂತ ಮುಟ್ಟಿ, 1940ರ ಹೊತ್ತಿಗೆ ಮತ್ತೆ ಒಂದಾಯಿತು. ಅವನು ಸಾಯುವ 1967ರವರೆಗೂ ಇಬ್ಬರೂ ಒಟ್ಟಿಗಿದ್ದರು. ಬ್ರಸೆಲ್ಸ್‌ನ ಜೆಟ್ ಎಂಬಲ್ಲಿ ಇಪ್ಪತ್ನಾಲ್ಕು ವರ್ಷ ಅವರಿದ್ದ ಬಾಡಿಗೆ ಮನೆ ಈಗ ಮ್ಯೂಸಿಯಂ. ಆಕಾಶದಲ್ಲಿ ತೇಲುವ ಬಂಡೆ, ಮುಖದ ಬದಲು ಸೇಬು ಎಂದೆಲ್ಲ ಯೋಚಿಸಿದ ಮನುಷ್ಯ ಅಡುಗೆಮನೆ ಪಕ್ಕದ ಊಟದ ಕೋಣೆಯಲ್ಲಿ, ಕೋಟು ಹಾಕಿಕೊಂಡು, ನಾಯಿ ಸಾಕಿಕೊಂಡು ಚಿತ್ರ ಬರೆಯುತ್ತಿದ್ದ. ಸೋಜಿಗವನ್ನೇ ಕಸುಬು ಮಾಡಿಕೊಂಡವನ ಅತಿ ದೊಡ್ಡ ಸೋಜಿಗ ನನ್ನ ಪಾಲಿಗೆ ಈ ಸಾದಾ ಮನೆ. ಒಮ್ಮೆ ದೂರವಾಗಿದ್ದ ಹೆಂಡತಿ ಮರಳಿ ಬಂದಳು. ಅವನೂ ಬಂದ. ಹೋದವರು ಬರಲೂಬಹುದೆಂಬುದನ್ನು ಹದಿಮೂರರಲ್ಲಿ ಕಲಿಯದವನು ನಲವತ್ತು ದಾಟಿದ ಮೇಲೆ ಕಲಿತ.

ಪಿತೃಪಕ್ಷದಲ್ಲಿ ಊರಿನಲ್ಲಿ ಎಡೆ ಇಡುತ್ತಾರೆ. ಹೋದವರಿಗೆ ಇಷ್ಟವಾದದ್ದೆಲ್ಲ ಬಾಳೆ ಎಲೆಗೆ ಬೀಳಬೇಕು. ಕೋಳಿ ಸಾರು, ಮುದ್ದೆ, ಒಬ್ಬಟ್ಟು, ಜೊತೆಗೊಂದು ಬೀಡಿ ಕಟ್ಟು. ಮೊದಲ ವರ್ಷಗಳಲ್ಲಿ ಮಾವನಿಗೆ ಎಡೆಯೇ ಇರಲಿಲ್ಲವಂತೆ. ದುರ್ಮರಣ, ಹಿರಿಯರ ಸಾಲಿಗೆ ಸೇರಿಸುವಂತಿಲ್ಲ, ಮೊದಲು ಶ್ರೀರಂಗಪಟ್ಟಣಕ್ಕೆ ಹೋಗಿ ನಾರಾಯಣ ಬಲಿ ಮಾಡಿಸಿ ಎಂದು ತಿಳಿದವರು ಹೇಳಿದರು. ಅದಕ್ಕೂ ಅತ್ತೆ ಕೈಸಾಲವೇ ಮಾಡಿದರು. ಸಾಲಕ್ಕೆ ಸತ್ತವರ ಶಾಂತಿಗೆ ಇನ್ನೊಂದು ಸಾಲ! ಈಗ ಎಡೆ ಇಟ್ಟು ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಎಲ್ಲರೂ ಹೊರಗೆ ಬಂದು ಬಾಗಿಲೆಳೆದುಕೊಳ್ಳುವುದು ಪದ್ಧತಿ. ಅತ್ತೆ ಅಂಗೈಯಗಲ ಸಂದು ಬಿಟ್ಟೇ ಎಳೆಯುತ್ತಾರೆ. ಮೊದಲ ವರ್ಷ ನಾನು ತಿಳಿಯದೆ ಪೂರ್ತಿ ಮುಚ್ಚಲು ಹೋದಾಗ, “ಇರ್ಲಿ ಬುಡವ್ವ, ಮಗ ನಿಂತವನೆ” ಅಂದರು. ಮಗನಿಗೆ ಆಗ ಇಪ್ಪತ್ತಾರು ವರ್ಷ. ತಾಯಿ ಮಗ ಇಬ್ಬರೂ ಆ ಸಾವಿನ ಬಗ್ಗೆ ಎದುರುಬದುರು ಕೂತು ಒಂದು ಮಾತೂ ಆಡಿದವರಲ್ಲ. ಆದರೆ ಬಾಗಿಲು ಎಷ್ಟು ತೆರೆದಿರಬೇಕೆಂಬುದರಲ್ಲಿ ಇಬ್ಬರಿಗೂ ಒಪ್ಪಂದವಿತ್ತು.

ಬಾಯಿ ಕಟ್ಟುವುದು ನಮ್ಮ ಹಳ್ಳಿಯವರ ಸ್ವಭಾವವಷ್ಟೇ ಅಂದುಕೊಳ್ಳಬೇಕಿಲ್ಲ. ಅಮೆರಿಕದ ಸೆನೆಟರ್ ಹ್ಯಾರಿ ರೀಡ್ ಅವರ ತಂದೆ ಹೀಗೆ ಹೋದದ್ದು 1972ರಲ್ಲಿ. ಅಷ್ಟು ಮಾತುಗಾರ ರಾಜಕಾರಣಿ ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಸುಮಾರು ಕಾಲು ಶತಮಾನ ಹಿಡಿಯಿತು. ಹೇಳಿದ ಮೇಲೆ 1999ರಲ್ಲಿ ಇಂಥ ಮನೆಗಳವರಿಗಾಗಿ ವರ್ಷದಲ್ಲೊಂದು ದಿನ ಇರಲಿ ಎಂಬ ನಿರ್ಣಯವನ್ನು ಸೆನೆಟ್ಟಿನಲ್ಲಿ ಮಂಡಿಸಿದರು. ನಮ್ಮಲ್ಲಿ ಕಾನೂನೂ ಬಾಯಿ ಮುಚ್ಚಿಸುವಂತೆಯೇ ಇತ್ತು. ಪ್ರಯತ್ನಿಸಿ ಬದುಕಿ ಉಳಿದವರಿಗೆ ಹಳೆಯ ದಂಡ ಸಂಹಿತೆಯ 309ನೇ ಕಲಮಿನ ಕೇಸು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ಅಪರಾಧಿಗಳಂತಲ್ಲ, ಸಂಕಟಕ್ಕೆ ಸಿಕ್ಕವರಂತೆ ನೋಡಬೇಕೆಂದಿತು. 2024ರ ಜುಲೈ 1ರಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಎಷ್ಟು ಹಾರ್ಟ್ ಅಟ್ಯಾಕುಗಳಾದವೋ.

ಟೆಲಿ ಮಾನಸ್ ಎಂಬ ಸಹಾಯವಾಣಿ 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಸಂಖ್ಯೆ 14416, ದುಡ್ಡಿಲ್ಲ, ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವಳು ನಾನು, ಒತ್ತಾಯ ಮಾಡಲಿಲ್ಲ. ಮಗಳು ಹುಟ್ಟಿದ ಮೇಲೆ ಇವರ ಭಯ ಇಮ್ಮಡಿಯಾಗಿತ್ತು. ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಲು ರಾತ್ರಿಯೆಲ್ಲ ಏಳುತ್ತಿದ್ದರು. ಅಂಥದ್ದೇ ಒಂದು ರಾತ್ರಿ ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. ಅಡುಗೆಮನೆಯಿಂದ ಮಾತು ಕೇಳಿಸಿತು. ಬೆಂಗಳೂರಿನಲ್ಲಿ ಇವರು ಎಂದೂ ಆಡದ, ಊರಿನ ಅಪ್ಪಟ ಮಂಡ್ಯದ ಮಾತು. “ಇಲ್ಲ ಮೇಡಂ, ನಾನು ಹಂಗ್ ಮಾಡ್ಕಳಕಿಲ್ಲ. ನಂಗ್ ಸಾಯ ಆಸೆ ಇಲ್ಲ. ಬ್ಯಾರೇರು ಸತ್ತೋಯ್ತರೆ ಅಂತ ಭಯ” ಎನ್ನುತ್ತಿದ್ದರು. ನಾನು ಬಾಗಿಲ ಹತ್ತಿರ ಹೋಗಲಿಲ್ಲ. ಅದು ನನಗೆ ಹೇಳಿದ ಮಾತಲ್ಲ. ಆಚೆಯಿಂದ ಏನು ಹೇಳಿದರೋ ಗೊತ್ತಿಲ್ಲ, ಆಮೇಲೆ ಕೆಲ ಕಾಲ ಕೌನ್ಸೆಲಿಂಗಿಗೆ ಹೋದರು. ಪವಾಡವೇನೂ ಆಗಲಿಲ್ಲ. ನನಗೆ ಕಂಡ ಮೊದಲ ಬದಲಾವಣೆ ಬಹಳ ಸಣ್ಣದು. ಒಂದು ದಿನ ಸಾರು ಬಾಯಿಗಿಟ್ಟು, “ಥೂ, ಉಪ್ಪು” ಅಂದರು.

ಅಲ್ಲಿಂದ ನಮ್ಮ ಮನೆಯಲ್ಲಿ ಜಗಳದ ಅಕ್ಷರಾಭ್ಯಾಸ. ಕಲಿಯುವವರೆಲ್ಲರಂತೆ ಇವರದೂ ಮೊದಮೊದಲು ಎಡವಟ್ಟು. ಸಿಟ್ಟು ಬರಬೇಕಾದಲ್ಲಿ ಬಾರದೆ, ಎಲ್ಲೋ ಕರೆಂಟ್ ಬಿಲ್ಲಿನ ಮೇಲೆ ಬರುತ್ತಿತ್ತು. ನಾಲ್ಕು ಮಾತಾಡಿದ ಮೇಲೆ ಭಯಪಟ್ಟು, “ಬೇಜಾರಾಯ್ತಾ? ಬೇಜಾರಾಯ್ತಾ?” ಎಂದು ಹಿಂದೆ ಹಿಂದೆಯೇ ಸುತ್ತುತ್ತಿದ್ದರು. ಒಂದು ಕರಾರು ಮಾಡಿಕೊಂಡೆವು. ಎಷ್ಟು ಬೇಕಾದರೂ ಕೂಗಾಡಬಹುದು, ಮಾತು ಬಿಡಬಹುದು, ಎದ್ದು ಹೊರಗೂ ಹೋಗಬಹುದು. ಆದರೆ ಎಲ್ಲಿಗೆ, ಎಷ್ಟೊತ್ತಿಗೆ ಬರುವುದು ಎಂದು ಹೇಳಿ ಹೋಗಬೇಕು. ಕರಾರಿನಂತೆ ಬಚ್ಚಲಿಗೆ ಹೊಸ ಚಿಲಕ ಬಂತು, ಇವರೇ ಹಾಕಿದರು, ಓರೆಯಾಗಿ. ಲೋಕದಲ್ಲಿ ಜನ ಪ್ರೀತಿಗೆ ಪುರಾವೆಯಾಗಿ ಹೂವು ಕೊಡುತ್ತಾರೆ, ಒಡವೆ ಕೊಡುತ್ತಾರೆ. ಒಬ್ಬ ಮನುಷ್ಯ ನನ್ನ ಮೇಲೆ ಧೈರ್ಯವಾಗಿ ಸಿಟ್ಟು ಮಾಡಿ, ಅದೇ ರಾತ್ರಿ ಗೊರಕೆ ಹೊಡೆದು ಮಲಗುವುದು ಎಂಥ ಕೊಡುಗೆ ಎಂಬುದು ನನಗೆ ಗೊತ್ತು. ಬೆಳಿಗ್ಗೆ ನಾನು ಇದ್ದೇ ಇರುತ್ತೇನೆಂದು ಗೊತ್ತಿದ್ದವರು ಮಾತ್ರ ಹಾಗೆ ಮಲಗಬಲ್ಲರು.

ಈ ವರ್ಷ ಮಗಳ ಸ್ಕೂಲ್ ಅಡ್ಮಿಷನ್. ನನಗೆ ಮನೆ ಹತ್ತಿರದ ಶಾಲೆ ಸಾಕು, ಇವರಿಗೆ ಬಸ್ಸಿರುವ, ಬ್ಲೇಜರಿರುವ, ಫೀಸು ಕೇಳಿದರೆ ತಲೆ ತಿರುಗುವ ಶಾಲೆಯೇ ಬೇಕು. ಯೂನಿಫಾರಂ ವಿಷಯಕ್ಕೆ ತನ್ನ ಮಗಳು ಅಳಬಾರದಂತೆ. ಶುಕ್ರವಾರ ರಾತ್ರಿ ಶುರುವಾದದ್ದು ಶನಿವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೂ ಮುಗಿಯಲಿಲ್ಲ. ನಾನು ರೇಗಿ, ಮಗಳನ್ನು ಕರೆದುಕೊಂಡು ಹಾಸನಕ್ಕೆ ಅಮ್ಮನ ಮನೆಗೆ ಹೋಗುತ್ತೇನೆ, ನಾಳೆ ಸಂಜೆ ಬರುತ್ತೇನೆ ಅಂದೆ. “ಹೋಗು. ಎಷ್ಟೊತ್ತಿನ ಬಸ್ಸು?” ಅಂದರು. ಮೆಜೆಸ್ಟಿಕ್‌ವರೆಗೆ ಅವರೇ ಬಿಟ್ಟರು. ದಾರಿಯುದ್ದಕ್ಕೂ ಸಿಗ್ನಲ್ ಸಿಗ್ನಲಿಗೂ ಫೀಸಿನ ಜಗಳ. ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ನಾನೊಂದು ಅಂದೆ, ಕೆಳಗಿನಿಂದ ಅವರೊಂದು ಅಂದರು, ಪಕ್ಕದ ಸೀಟಿನ ಅಜ್ಜಿ ಬಾಯಿಬಿಟ್ಟುಕೊಂಡು ಕೇಳಿದರು. ನೆಲಮಂಗಲ ಬಂತು, ಫೋನಿಲ್ಲ. ಕುಣಿಗಲ್ಲೂ ದಾಟಿತು. ಏನಾಯಿತೋ ಎಂದು ಎದೆ ಹೊಡೆದುಕೊಂಡದ್ದು ಈ ಸಲ ನನಗೆ. ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ನಿಂತು, ಮಗಳಿಗೆ ವಡೆ ಕೊಡಿಸುತ್ತಿದ್ದಾಗ ಫೋನು ಬಂತು. ಎಲ್ಲಿದ್ದೀಯ ಎಂದು ಕೇಳಲಿಲ್ಲ, ಊಟ ಆಯಿತಾ ಎಂದೂ ಇಲ್ಲ.

“ಕುಕ್ಕರಿನ ಗ್ಯಾಸ್ಕೆಟ್ ಎಲ್ಲಿಟ್ಟಿದ್ದೀಯ?” ಅಂದರು. ದನಿಯಲ್ಲಿ ಸಿಟ್ಟು ಇನ್ನೂ ಇಳಿದಿರಲಿಲ್ಲ.